ಬಂಡೀಪುರದ ದಾರಿಯಲ್ಲಿ ಬಿದ್ದ ಲಿಂಗ

ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ ಬಾಡಿಗೆ ಕಾರುಗಳಲ್ಲಿ ಮಹೇಶ್ವರಪ್ಪನವರ ಬಿಳಿ ಅಂಬಾಸಿಡರಿಗೇ ಹೆಚ್ಚು ಗಿರಾಕಿ. ಕಾರೇನು ಹೊಸದಲ್ಲ. ಹಿಂದಿನ ಒಂದು ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ, ಏರು ಬಂದರೆ ದಮ್ಮು ಇದ್ದವರ ಹಾಗೆ ಏದುಸಿರು ಬಿಡುತ್ತಿತ್ತು. ಜನ ನೆಚ್ಚಿಕೊಂಡಿದ್ದು ಕಾರನ್ನಲ್ಲ, ಅದರ ಡ್ರೈವರ್ ತಿಪ್ಪೇಶಪ್ಪನನ್ನು. ಕುಡಿತ ಇಲ್ಲ, ಬೀಡಿ ಇಲ್ಲ, ಮಾತು ಮೊದಲೇ ಕಮ್ಮಿ. ಬಾಣಂತಿಯನ್ನು ತವರಿನಿಂದ ಕರೆತರಬೇಕಾದರೂ ಮದುಮಕ್ಕಳನ್ನು ಕಳಿಸಬೇಕಾದರೂ "ತಿಪ್ಪೇಶಪ್ಪನ್ನೇ ಕಳಿಸ್ರಿ" ಎಂದು ಹೇಳಿ ಕಳಿಸುತ್ತಿದ್ದರು.

ಇಷ್ಟು ನಂಬಿಗಸ್ತ ಮನುಷ್ಯ ಯಾರ ಪೈಕಿ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಂದರೆ ನಂಬುತ್ತೀರಾ? ಕೇಳಿದವರಿಗೆ ಅವನು "ಜಗಳೂರು ಕಡೆಯೋನು" ಎನ್ನುತ್ತಿದ್ದ. ಅದು ಸುಳ್ಳಲ್ಲ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಹರಿಜನ ಕೇರಿಯಲ್ಲಿ ಹುಟ್ಟಿದವನು. ಅಪ್ಪ ಸಣ್ಣಪ್ಪ ರಸ್ತೆ ಬದಿ ಕೂತು ಜಲ್ಲಿ ಒಡೆಯುತ್ತಿದ್ದ. ಅಪ್ಪ ಒಡೆದ ಕಲ್ಲಿನ ಮೇಲೆ ಓಡುವ ಲಾರಿಗಳನ್ನೇ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡ ಮಗ ಒಂದು ದಿನ ಒಂದು ಲಾರಿ ಹತ್ತಿ ಹೊರಟೇಬಿಟ್ಟ. ಅದರ ಡ್ರೈವರ್ ನ್ಯಾಮತಿಯ ಬುಡೇನ್ ಸಾಬರು ಅವನನ್ನು ಕ್ಲೀನರ್ ಮಾಡಿಕೊಂಡರು. ಬೈದರು, ತಲೆಗೆ ಮೊಟಕಿದರು, ತಮ್ಮ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣಿಸಿದರು, ಕೊನೆಗೆ ಸ್ಟೇರಿಂಗ್ ಕೈಗೆ ಕೊಟ್ಟರು. ಗಾಡಿ ನಿಲ್ಲಿಸಿದ ತಕ್ಷಣ ಹಿಂದಿನ ಗಾಲಿಗೆ ಕಲ್ಲು ಕೊಡಬೇಕು, ಹೊರಡುವಾಗ ಆ ಕಲ್ಲು ತೆಗೆದು ಬದಿಗೆ ಹಾಕಬೇಕು, ಇದು ಸಾಬರ ಕಾನೂನು. "ನೀ ಬಿಟ್ಟ ಕಲ್ಲಿಗೆ ಇನ್ನೊಬ್ಬನ ಗಾಡಿ ಬಿದ್ರೆ ಪಾಪ ನಿಂದೇ, ಬೇಟಾ" ಎನ್ನುತ್ತಿದ್ದರು.

ಕಾರಿನ ಮಾಲೀಕ ಮಹೇಶ್ವರಪ್ಪನವರಿಗೆ ಮಾತ್ರ ಅವನ ಕುಲ ಗೊತ್ತಿತ್ತು. ಕೆಲಸಕ್ಕೆ ಇಟ್ಟುಕೊಂಡ ದಿನವೇ ಹೇಳಿದ್ದರು: "ನಂಗೆ ಜಾತಿ ಗೀತಿ ಏನೂ ಇಲ್ಲ ಕಣಪ್ಪಾ. ಆದ್ರೆ ಗಿರಾಕಿಗಳೆಲ್ಲ ನಮ್ ಜನ. ನೀನಾಗಿ ಆ ಮಾತು ಎತ್ತಾಕೆ ಹೋಗಬ್ಯಾಡ." ಎಂಥ ಉದಾರಿ ನೋಡಿ! ತಿಪ್ಪೇಶಪ್ಪ ಎತ್ತಲಿಲ್ಲ. ಗಿರಾಕಿಗಳ ಮನೆಯಲ್ಲಿ ಒಳಗೆ ಬಾ, ಊಟ ಮಾಡು ಎಂದರೆ "ಹೊಟ್ಟೆ ತುಂಬೈತ್ರೀ" ಎಂದು ಕಾರಿನಲ್ಲೇ ಉಳಿದು ಹೆಂಡತಿ ಭೀಮಕ್ಕ ಕಟ್ಟಿಕೊಟ್ಟ ರೊಟ್ಟಿ ತಿನ್ನುತ್ತಿದ್ದ. ಪಾಪ, ಎಂಥ ಮರ್ಯಾದಸ್ತ, ಯಾರ ಋಣವೂ ಬೇಡ ಅವನಿಗೆ ಎಂದು ಜನ ಮೆಚ್ಚಿಕೊಂಡರು.

ಎಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ ಬಟ್ಟೆ ಅಂಗಡಿ ಪಂಚಾಕ್ಷರಪ್ಪ ಬಂಡೀಪುರಕ್ಕೆ ಬಾಡಿಗೆ ಗೊತ್ತು ಮಾಡಿದ. ಅವನ ಬೀಗರು ಯಾರೋ ಬಂಡೀಪುರದ ಕಾಡಿನಲ್ಲಿ ಆನೆ ಹಿಂಡು ನೋಡಿ ಬಂದು ಜಂಬ ಕೊಚ್ಚಿದ್ದರಂತೆ. ಅಷ್ಟೇ ಸಾಕಾಯಿತು. ಹೆಂಡತಿ ಪ್ರೇಮಮ್ಮನಿಗೆ ಮನೆ ಬಿಟ್ಟು ಎಲ್ಲಾದರೂ ಹೋದರೆ ಸಾಕಿತ್ತು. ತಾಯಿ ಸರ್ವಮಂಗಳಮ್ಮ ಒಪ್ಪಿದ್ದು ದಾರಿಯಲ್ಲಿ ನಂಜನಗೂಡು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ.

ಸರ್ವಮಂಗಳಮ್ಮ ಎಪ್ಪತ್ತು ದಾಟಿದ ಸಣಕಲು ಜೀವ, ಆದರೆ ಕೂತರೆ ಬೆನ್ನು ನೆಟ್ಟಗೆ. ಹೊನ್ನಾಳಿಯ ತವರುಮನೆಯಲ್ಲಿ ಹಸುಗೂಸಾಗಿದ್ದಾಗ ಅಯ್ಯನವರು ಕಟ್ಟಿದ ಲಿಂಗ ಅವರ ಕೊರಳಲ್ಲೇ ಮುದಿಯಾಗಿತ್ತು. ದಿನಾ ಅದನ್ನು ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಧರಿಸಿ ಪೂಜೆ ಆಗುವವರೆಗೆ ಬಾಯಿಗೆ ತೊಟ್ಟು ನೀರು ಬೀಳುವಂತಿಲ್ಲ. ಗಂಡ ಸತ್ತ ದಿನವೂ ಇದು ತಪ್ಪಲಿಲ್ಲ, ಟೈಫಾಯಿಡ್ ಜ್ವರದಲ್ಲೂ ತಪ್ಪಲಿಲ್ಲ. ನಾಳೆ ಮಣ್ಣಿಗೆ ಹೋಗುವಾಗಲೂ ಅದೇ ಲಿಂಗ ತಮ್ಮ ಎಡಗೈಯಲ್ಲಿರಬೇಕು ಎಂದು ಮಗನಿಗೆ ಆಗಲೇ ಹೇಳಿಟ್ಟಿದ್ದರು.

ಮೈಸೂರಿನ ಲಾಡ್ಜಿನಲ್ಲಿ ಮುಂಜಾನೆ ಸ್ನಾನವೇನೋ ಆಯಿತು. "ಯಾರ್ ಯಾರು ಮಲಗೆದ್ದ ರೂಮೋ, ಇಲ್ಲಿ ಪೂಜೆ ಹೆಂಗಪ್ಪಾ ಮಾಡ್ಲಿ? ನಂಜನಗೂಡಿನಾಗೆ ಮಾಡ್ಕಂತೀನಿ" ಎಂದರು ತಾಯಿ. ನಂಜನಗೂಡಿನಲ್ಲಿ ನೋಡಿದರೆ ಜನವೋ ಜನ. ಕಳ್ಳರ ಹೆದರಿಕೆಗೆ ಮಗ ಲಿಂಗವಿಡುವ ತಾಯಿಯ ಬೆಳ್ಳಿ ಕರಡಿಗೆ ಬಿಚ್ಚಿಸಿ ಡಿಕ್ಕಿಯ ಟ್ರಂಕಿನಲ್ಲಿಟ್ಟ. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡದ್ದಾಯಿತು. ದರ್ಶನ ಮುಗಿಯುವ ಹೊತ್ತಿಗೆ ಪಂಚಾಕ್ಷರಪ್ಪನಿಗೆ ಕಾಲು ನಿಲ್ಲಲಿಲ್ಲ. "ಬಿಸ್ಲು ಏರಿದ್ರೆ ಆನೆ ಒಳಗ್ ಹೋಗ್ಬಿಡ್ತಾವೆ. ಬಂಡೀಪುರದಾಗೆ ಪೂಜೆ ಮಾಡ್ಕಳವ್ವಾ" ಎಂದು ಎಳೆದುಕೊಂಡೇ ಹೊರಟ. ಹಿಂದಿನ ರಾತ್ರಿಯಿಂದ ನೀರಿಲ್ಲದ ತಾಯಿ ಸೆರಗಿನಿಂದ ತುಟಿ ಒರೆಸಿಕೊಂಡು ಸುಮ್ಮನೆ ಕೂತರು. ಕನ್ನಡಿಯಲ್ಲಿ ಅದನ್ನು ಕಂಡ ತಿಪ್ಪೇಶಪ್ಪನಿಗೆ ಸಂಕಟವಾಯಿತು. ಆದರೆ ಡ್ರೈವರ್ ಮಾತಾಡುವ ವಿಷಯವೇ ಅದು?

ಬಂಡೀಪುರದಲ್ಲಿ ಸಿಕ್ಕಿದ್ದು ಒಂದಿಷ್ಟು ಜಿಂಕೆ, ಬೇಕಾದಷ್ಟು ಕೋತಿ. ಪಂಚಾಕ್ಷರಪ್ಪನ ಮುಖ ಸಪ್ಪಗಾಯಿತು. "ಊಟಿ ರೋಡಿನಾಗೆ ಮುಂದಕ್ಕೆ ಹೊಡಿ, ಆನೆ ರೋಡಿಗೇ ಬರ್ತಾವಂತೆ" ಎಂದ.

"ಸಾವ್ಕಾರ್ರೆ, ಇಂಜಿನ್ ಕಾದೈತೆ. ಒಸಿ ಆರಿಸ್ಕಂಡು ಹೋಗಾನ" ಎಂದ ತಿಪ್ಪೇಶಪ್ಪ.

"ಬಾಡಿಗೆ ಕೊಡೋನು ನಾನೋ ನೀನೋ?"

ತಿಪ್ಪೇಶಪ್ಪ ಗೇರು ಹಾಕಿದ. ಕಾಡು ಸೀಳಿಕೊಂಡು ಹೋಗುವ ಡಾಂಬರು ರಸ್ತೆಯಲ್ಲಿ ರಾಜ್ಯದ ಗಡಿಯವರೆಗೆ ಹೋದರೂ ಆನೆಯ ಲದ್ದಿ ಬಿಟ್ಟರೆ ಏನೂ ಕಾಣಲಿಲ್ಲ. ತಿರುಗಿಸಿಕೊಂಡು ಬರುವಾಗ ಒಂದು ಏರಿನಲ್ಲಿ ಕಾರು ಬುಸ್ಸೆಂದು ಬಾನೆಟ್ಟಿನಿಂದ ಹಬೆ ಬಿಟ್ಟು ನಿಂತೇಹೋಯಿತು. ತಿಪ್ಪೇಶಪ್ಪ ಜಿಗಿದಿಳಿದು ಗಾಲಿಗೆ ಕಲ್ಲು ಕೊಟ್ಟ, ಬಾನೆಟ್ ಎತ್ತಿದ. ಮುಂದಿನ ಬಂಪರಿಗೆ ಕಟ್ಟಿದ್ದ ಕ್ಯಾನ್ವಾಸ್ ನೀರಿನ ಚೀಲ ಬಿಚ್ಚಿಟ್ಟುಕೊಂಡ. ಕಾದ ರೇಡಿಯೇಟರಿಗೆ ಅವಸರದಲ್ಲಿ ಕೈ ಹಾಕಿದರೆ ಮುಖ ಬೆಂದುಹೋಗುತ್ತದೆ, ಆರುವವರೆಗೆ ಕಾಯಲೇಬೇಕು.

"ನಿಮ್ ಆನೆ ಬರಾದು ಯಾವಾಗೋ, ನನ್ ಶಿವ ಕಾಯ್ತಾ ಕುಂತವ್ನೆ" ಎಂದು ಸರ್ವಮಂಗಳಮ್ಮ ಹಿಂದಿನ ಸೀಟಿನಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು. ತಂಬಿಗೆಯ ನೀರು, ವಿಭೂತಿ, ಒಂದೆರಡು ಬಿಲ್ವಪತ್ರೆ, ಎಲ್ಲ ಚೀಲದಲ್ಲೇ ಇತ್ತು. ಪೂಜೆ ಮುಗಿಯಿತು. ಲಿಂಗವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಇನ್ನೇನು ಕೊರಳಿಗೆ ಕಟ್ಟಿಕೊಂಡು ನೀರು ಕುಡಿಯಬೇಕು, ಅಷ್ಟರಲ್ಲಿ ಪ್ರೇಮಮ್ಮ ಕಿಟಾರನೆ ಕಿರುಚಿದಳು.

ಆನೆ! ರಸ್ತೆಯ ಆಚೆ ಬದಿಯ ಬಿದಿರು ಸರಿಸಿಕೊಂಡು ಹೆಣ್ಣಾನೆ ಬಂದು ನಿಂತಿತ್ತು, ಅದರ ಹೊಟ್ಟೆಯ ಕೆಳಗೊಂದು ಮರಿ. ನೋಡಬೇಕು ನೋಡಬೇಕು ಎಂದು ಕುಣಿಯುತ್ತಿದ್ದ ಪಂಚಾಕ್ಷರಪ್ಪ ಈಗ ಪಂಚೆ ಎತ್ತಿಕೊಂಡು ಕಾರಿನೊಳಗೆ ಬಿದ್ದ. ಪ್ರೇಮಮ್ಮ ಅತ್ತೆಯ ಮೇಲೆಯೇ ಉರುಳಿದಳು. ತಂಬಿಗೆ ಮಗುಚಿತು, ಅತ್ತೆಯ ಕೈಯಲ್ಲಿದ್ದ ಗಂಟು ಜಾರಿತು. ಆನೆ ಕಿವಿ ಅಗಲಿಸಿ ಎರಡು ಹೆಜ್ಜೆ ಮುಂದೆ ಬಂತು. ತಿಪ್ಪೇಶಪ್ಪ ಸುತ್ತ ಕಣ್ಣಾಡಿಸಿದ. ನೀರು ಹಾಕದೆ ಕಾರು ಏಳುವುದಿಲ್ಲ, ಕಾದ ಮುಚ್ಚಳ ತೆಗೆಯಲು ಒದ್ದೆ ಬಟ್ಟೆ ಬೇಕು. ಹಿಂದಿನ ಕಿಟಕಿಯ ಹತ್ತಿರ ಸೀಟಿನ ಅಂಚಿನಲ್ಲಿ ಒದ್ದೆ ಬಿಳಿ ಬಟ್ಟೆ ಕಂಡಿತು. ಕೈ ಹಾಕಿ ಎಳೆದ, ಕೊಡವಿ ಮಡಚಿದ, ಮುಚ್ಚಳ ತಿರುಗಿಸಿದ, ಚೀಲದ ನೀರೆಲ್ಲ ಸುರಿದ. ಬಾನೆಟ್ ಹಾಕಿ ಓಡಿ ಬಂದು ಕಾರು ಎಬ್ಬಿಸಿ, ಹಿಂದೆ ನೋಡದೆ ಹೊಡೆದ. ಗಾಲಿಯ ಕಲ್ಲು ರಸ್ತೆಯ ಮೇಲೆಯೇ ಉಳಿಯಿತು.

ಬಂಡೀಪುರದ ಚೆಕ್‌ಪೋಸ್ಟ್ ಮುಟ್ಟಿ ಎಲ್ಲರೂ ಉಸಿರು ಬಿಟ್ಟ ಮೇಲೆ ಸರ್ವಮಂಗಳಮ್ಮ ಸೀಟು ತಡಕಿದರು, ಮಡಿಲು ತಡಕಿದರು, ಕೊರಳು ಮುಟ್ಟಿ ನೋಡಿಕೊಂಡರು.

"ಪ್ರೇಮಾ, ನನ್ ಲಿಂಗ ಎಲ್ಲೇ?"

ಸೀಟು ಎತ್ತಿ ನೋಡಿದರು, ಚೀಲ ಬೋರಲು ಹಾಕಿದರು. ಇಲ್ಲ. ತಿಪ್ಪೇಶಪ್ಪ ಬಾನೆಟ್ ಎತ್ತಿದ. ಬಿಳಿ ಬಟ್ಟೆ ಗ್ರೀಸು ಹತ್ತಿಸಿಕೊಂಡು ರೇಡಿಯೇಟರಿನ ಪಕ್ಕದಲ್ಲಿ ಬಿದ್ದಿತ್ತು. ಕೊಡವಿದಾಗ ಅದರೊಳಗಿಂದ ಏನೋ ಹಗುರಾಗಿ ಜಾರಿದಂತೆ ಆಗಿದ್ದು ಅವನ ಕೈಗೆ ಈಗ ನೆನಪಾಯಿತು. ಬಾಯಿ ಮುಚ್ಚಿಕೊಂಡು ಇದ್ದುಬಿಡಬಹುದಿತ್ತು, ಯಾರೂ ನೋಡಿರಲಿಲ್ಲ. ಆದರೆ ಮುದುಕಮ್ಮನ ಒಡೆದ ತುಟಿ ಕಣ್ಣೆದುರಿಗಿತ್ತು.

"ಸಾವ್ಕಾರ್ರೆ, ತಪ್ಪು ನಂದು. ಆನೆ ಗಾಬರೀಲಿ ಆ ಬಟ್ಟೆ ಎಳ್ಕಂಡೋನು ನಾನೇ. ಕಾರು ನಿಂತಿದ್ದ ಜಾಗದಾಗೇ ಬಿದ್ದೈತೆ."

ಪಂಚಾಕ್ಷರಪ್ಪ ಅವನ ಕಾಲರು ಹಿಡಿದ. "ಲಿಂಗದ ಬಟ್ಟೆಗೆ ಕೈ ಹಾಕಿದ್ಯೇನೋ? ಯಾವ ಜಾತಿಯೋನೋ ನೀನು? ಬೊಗಳು!"

ಇಷ್ಟು ವರ್ಷ ತಪ್ಪಿಸಿಕೊಂಡು ಬಂದ ಪ್ರಶ್ನೆ ಬಂದೇಬಿಟ್ಟಿತು. "ಹರಿಜನ್ರ ಕೇರಿಯೋನು, ಸಾವ್ಕಾರ್ರೆ."

ಕಾಲರು ಹಿಡಿದ ಕೈ ಕೆಂಡ ಮುಟ್ಟಿದಂತೆ ಹಿಂದಕ್ಕೆ ಹೋಯಿತು. ಪಂಚಾಕ್ಷರಪ್ಪ ಆ ಕೈಯನ್ನು ಪಂಚೆಗೆ ಒರೆಸಿಕೊಂಡ. ಪ್ರೇಮಮ್ಮ ಬಾಯಿಗೆ ಸೆರಗು ಹಿಡಿದಳು.

"ಆಗಿದ್ದು ಆಯ್ತು, ಬಿಡವ್ವಾ. ಊರಿಗೆ ಹೋಗಿ ಅಯ್ಯನೋರ ಕೈಯಾಗೆ ಬ್ಯಾರೆ ಲಿಂಗ ಕಟ್ಟಿಸ್ಕಳಾನ. ಈಗ ನೀರು ಕುಡಿ" ಎಂದ ಮಗ.

"ಬ್ಯಾರೆ ಲಿಂಗ? ಬ್ಯಾರೆ ತಾಯಿ ತರ್ತೀಯೇನೋ ಅಂಗಡಿಯಿಂದ?" ಸರ್ವಮಂಗಳಮ್ಮನ ದನಿ ಒಣಗಿ ಕರಕರ ಎನ್ನುತ್ತಿತ್ತು. "ಅದು ಕೈಗೆ ಬರಾತಂಕ ನಂಗೆ ನೀರು ಬ್ಯಾಡ. ಬರಲಿಲ್ಲ ಅಂದ್ರೆ ಇಲ್ಲೇ ಮಣ್ಣು ಮಾಡ್ರಿ."

ಬಾಯಿಮಾತಿಗೆ ಹಾಗೆನ್ನುವ ಹೆಂಗಸಲ್ಲ ಎಂದು ಮಗನಿಗೂ ಗೊತ್ತಿತ್ತು. ಅವನು ತಲೆ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಸಿದ. ಮತ್ತೆ ಆನೆಯ ಬಾಯಿಗೆ ಹೋಗುವ ಗುಂಡಿಗೆ ಅವನಿಗೂ ಇರಲಿಲ್ಲ, ಅವನ ಹೆಂಡತಿಗೂ ಇರಲಿಲ್ಲ.

ತಿಪ್ಪೇಶಪ್ಪ ಯಾರನ್ನೂ ಕೇಳದೆ ಕೊಳಾಯಿಗೆ ಹೋಗಿ ಕ್ಯಾನ್ವಾಸ್ ಚೀಲ ತುಂಬಿ ತಂದ. ಅವನು ಸ್ಟೇರಿಂಗ್ ಹಿಡಿಯುವ ಹೊತ್ತಿಗೆ ಮುದುಕಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. "ನಡಿ ತಮ್ಮಾ" ಎಂದರು. ಫಾರೆಸ್ಟ್ ಗಾರ್ಡ್ ಕಿಟಕಿಗೆ ಬಗ್ಗಿ ಹೇಳಿದ: "ರೋಡಲ್ಲಿ ಹೋಗಿ ಬನ್ನಿ, ಬ್ಯಾಡ ಅನ್ನಕಿಲ್ಲ. ಆದ್ರೆ ಗಾಡಿಯಿಂದ ಇಳೀಬ್ಯಾಡಿ. ಮರಿ ಇರೋ ಆನೆ ಅದು, ತಿರುಗಿದ್ರೆ ಮುಗೀತು."

ದಾರಿಯುದ್ದಕ್ಕೂ ಎಲ್ಲ ಬಿದಿರೂ ಒಂದೇ ಥರ, ಎಲ್ಲ ತಿರುವೂ ಒಂದೇ ಥರ. ಎಲ್ಲಿ ಎಂದು ಹುಡುಕುವುದು? ತಿಪ್ಪೇಶಪ್ಪ ಬೆವರುತ್ತ, ಕಣ್ಣಲ್ಲಿ ಕಣ್ಣಿಟ್ಟು ಮೆಲ್ಲಗೆ ಹೊಡೆದ. ಕೊನೆಗೆ ರಸ್ತೆಯ ನಡುವೆ ಅವನದೇ ಕಲ್ಲು ಕಂಡಿತು. ಸ್ಟೇರಿಂಗ್ ಹಿಡಿದಾಗಿನಿಂದ ಒಮ್ಮೆಯೂ ಹಾಗೆ ಕಲ್ಲು ಬಿಟ್ಟು ಹೋದವನಲ್ಲ. ಬುಡೇನ್ ಸಾಬರೇ, ಇದೊಂದು ಸಲ ಕ್ಷಮಿಸಿ ಎಂದುಕೊಂಡ. ಆದರೆ ಕಲ್ಲಿನ ಆಚೆ, ಕೂಗಳತೆಯಲ್ಲೇ, ತಾಯಿ ಆನೆ ಮಣ್ಣು ಎರಚಿಕೊಳ್ಳುತ್ತ ನಿಂತಿತ್ತು. ಮರಿ ಅದರ ಸೊಂಡಿಲಿನೊಂದಿಗೆ ಆಡುತ್ತಿತ್ತು.

ಅವನು ಇಂಜಿನ್ ಆರಿಸಿದ. ಕಾರಿನೊಳಗೆ ಒಲೆಯ ಮೇಲೆ ಕೂತಂತಾಗಿತ್ತು. ಹಿಂದಿನಿಂದ ಮುದುಕಮ್ಮನ ಉಸಿರಾಟ ಕೇಳುತ್ತಿತ್ತು, ಮಧ್ಯೆ ಮಧ್ಯೆ ನಿಂತು ಮತ್ತೆ ಬರುತ್ತಿತ್ತು. ಅದು ನಿಂತಾಗಲೆಲ್ಲ ಇವನ ಉಸಿರೂ ನಿಲ್ಲುತ್ತಿತ್ತು.

"ಯಾಕ್ ಹೇಳಿದ್ಯೋ ತಮ್ಮಾ?" ಎಂದರು ಸರ್ವಮಂಗಳಮ್ಮ. "ಸುಮ್ನಿದ್ದಿದ್ರೆ ಯಾರಿಗ್ ತಿಳೀತಿತ್ತು?"

"ಸುಮ್ನಿದ್ದಿದ್ರೆ ನೀವು ಉಳೀತಿರಲಿಲ್ಲ, ಅಮ್ಮಾ."

ಮುದುಕಮ್ಮ ಸೆರಗಿನಿಂದ ಬೆವರು ಒರೆಸಿಕೊಂಡರು. ಮದುವೆ ಆಗೈತಾ ಎಂದು ಕೇಳಿದರು. ಆಗೈತೆ, ಭೀಮಕ್ಕ ಅಂತ ಹೆಸರು ಎಂದ. ಒಳ್ಳೇ ಹೆಂಗಸಾ ಎಂದರು. ಇಂಥ ಹೊತ್ತಿನಲ್ಲಿ ಇಂಥ ಪ್ರಶ್ನೆ! ಹೌದಮ್ಮಾ ಎನ್ನುವಾಗ ತಿಪ್ಪೇಶಪ್ಪನಿಗೆ ಅಳುವೇ ಬಂದಂತಾಯಿತು.

ಮರಿ ಮೆಲ್ಲಗೆ ಬಿದಿರಿನ ಕಡೆ ಸರಿಯಿತು, ತಾಯಿ ಅದರ ಹಿಂದೆ ನಾಲ್ಕು ಹೆಜ್ಜೆ ಹೋಯಿತು. ಇದೇ ಹೊತ್ತು. ತಿಪ್ಪೇಶಪ್ಪ ಬಾಗಿಲು ಸದ್ದಾಗದಂತೆ ತೆಗೆದು ಇಳಿದ. ಬಗ್ಗಿಕೊಂಡು ಕಲ್ಲಿನ ಸುತ್ತ ನೋಡಿದ, ಡಾಂಬರಿನ ಅಂಚು ನೋಡಿದ, ಒಣಹುಲ್ಲು ಕೆದರಿದ. ಅಲ್ಲಿತ್ತು. ಅಡಿಕೆ ಗಾತ್ರದ ಕಪ್ಪು ಲಿಂಗ, ಅರ್ಧ ಮಣ್ಣಿನಲ್ಲಿ. ಕೈ ನೀಡಿದವನು ಹಾಗೇ ನಿಂತ. ಪಂಚೆಗೆ ಒರೆಸಿಕೊಂಡ ಸಾವ್ಕಾರರ ಕೈ ಕಣ್ಣಿಗೆ ಕಟ್ಟಿತು. ತಾನು ಮುಟ್ಟಿದ ಮೇಲೆ ಈಯಮ್ಮ ಇದನ್ನು ಬೇಡವೆಂದರೆ? ಅಲ್ಲಿಗೆ ಅವರನ್ನು ತಾನೇ ಕೊಂದ ಹಾಗೆ.

"ಅಮ್ಮಾ, ಇಲ್ಲೈತೆ. ನೀವೇ ಬಂದು ತಗಳ್ರಿ" ಎಂದ ಪಿಸುದನಿಯಲ್ಲಿ.

ಅವರು ಬಾಗಿಲಿಗೆ ಕೈ ಹಾಕಿದರು. ಅದು ಒಳಗಿನಿಂದ ತೆಗೆಯಲು ಬಾರದ ಬಾಗಿಲು. ಆ ಕಡೆ ಸರಿದು, ಇನ್ನೊಂದು ಬಾಗಿಲು ತೆಗೆದು, ಕಾಲು ಕೆಳಗಿಟ್ಟರು. ಮಂಡಿ ನಿಲ್ಲಲಿಲ್ಲ. ಕಾರಿಗೆ ಒರಗಿ ಜಾರಿ ಕೂತರು. ಆ ಸದ್ದಿಗೆ ಆನೆ ತಿರುಗಿತು. ಕಿವಿ ಅಗಲವಾಯಿತು, ಸೊಂಡಿಲು ಮೇಲೆದ್ದಿತು, ಕಾಡೇ ನಡುಗುವ ಹಾಗೆ ಘೀಳಿಟ್ಟಿತು.

"ಎತ್ಕಳೋ!" ಎಂದು ಸರ್ವಮಂಗಳಮ್ಮ ಕೂಗಿದರು. "ಏನ್ ನೋಡ್ತಿ, ಎತ್ಕಳೋ ತಮ್ಮಾ!"

ಎತ್ತಿಕೊಂಡ. ಇನ್ನೊಂದು ಕೈಯಲ್ಲಿ ಮುದುಕಮ್ಮನನ್ನೂ ಅವುಚಿ ಎತ್ತಿ ಒಳಗೆ ಕೂರಿಸಿ, ಕಾರನ್ನು ಹಿಂದಕ್ಕೇ ಹೊಡೆದ, ತಿರುವಿನಲ್ಲಿ ಮುಖ ತಿರುಗಿಸಿದ. ಆನೆ ಕಲ್ಲಿನವರೆಗೆ ಓಡಿ ಬಂದು ನಿಂತಿತು. ಒಂದು ಕೈಯಲ್ಲೇ ಸ್ಟೇರಿಂಗ್ ಹಿಡಿದಿದ್ದೇನೆ ಎಂದು ಅವನಿಗೆ ಗೊತ್ತಾಗಿದ್ದು ದೂರದಲ್ಲಿ ಚೆಕ್‌ಪೋಸ್ಟಿನ ಹೆಂಚು ಕಂಡಾಗ. ಇನ್ನೊಂದು ಮುಷ್ಟಿಯಲ್ಲಿ ಲಿಂಗ ಬೆವರಿತ್ತು.

ಬದಿಗೆ ನಿಲ್ಲಿಸಿ ಮುಷ್ಟಿ ಬಿಚ್ಚಿ ಚಾಚಿದ. ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ತೆಗೆದುಕೊಂಡರು.

"ನೀರ್ ಐತೇನೋ?"

"ಚೀಲದಾಗೆ ಐತಮ್ಮಾ. ಆದ್ರೆ ಅದು ನಾನು ತುಂಬಿದ್ದು."

"ನೀರ್ ಐತಾ ಅಂತ ಕೇಳ್ದೆ. ಯಾರು ತುಂಬಿದ್ದು ಅಂತ ಕೇಳ್ಲಿಲ್ಲ."

ಅವನು ಇಳಿದು ಚೀಲ ಬಿಚ್ಚಿ ತಂದು ಅವರ ಅಂಗೈ ಮೇಲೆ ಸಣ್ಣಗೆ ನೀರು ಬಿಟ್ಟ. ಲಿಂಗದ ಮೇಲಿನ ಮಣ್ಣು ತೊಳೆದು ಹೋಯಿತು. ಕಣ್ಣು ಮುಚ್ಚಿ ಏನೋ ಹೇಳಿಕೊಂಡರು, ಲಿಂಗದ ಮೇಲೆ ನಿಂತ ನೀರನ್ನು ತೀರ್ಥವೆಂದು ಕುಡಿದರು. ಸೆರಗಿನ ತುದಿ ಹರಿದು ಲಿಂಗ ಸುತ್ತಿ ಕೊರಳಿಗೆ ಕಟ್ಟಿಕೊಂಡ ಮೇಲೆ ಎರಡೂ ಕೈ ಬೊಗಸೆ ಒಡ್ಡಿದರು. ತಿಪ್ಪೇಶಪ್ಪ ಸುರಿದ, ಅವರು ಕುಡಿದರು. ಸಾಕು ಎನ್ನಲೇ ಇಲ್ಲ. ತನ್ನ ಕೈಯ ನೀರನ್ನು ಹಾಗೆ ಗಟಗಟ ಕುಡಿದ ಮೇಲಿನವರನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಚೀಲವನ್ನು ಇನ್ನಷ್ಟು ಬಗ್ಗಿಸಿದ.

ಚೆಕ್‌ಪೋಸ್ಟಿನಲ್ಲಿ ಪಂಚಾಕ್ಷರಪ್ಪ ಓಡಿ ಬಂದ. ತಾಯಿಯ ಕೊರಳು ನೋಡಿದ, ಡ್ರೈವರನ ಕೈ ನೋಡಿದ. "ಸಿಕ್ತೇನವ್ವಾ? ಯಾರು ಎತ್ತಿದ್ದು?"

"ನಾನೇ ಎತ್ಕಂಡೆ" ಎಂದರು ಸರ್ವಮಂಗಳಮ್ಮ. "ಅವನು ದೂರ ನಿಂತಿದ್ದ. ಮುಟ್ಟಿಲ್ಲ."

ತಿಪ್ಪೇಶಪ್ಪನಿಗೆ ಹೋದ ಜೀವ ಬಂದಂತೆಯೂ ಆಯಿತು, ಕಪಾಳಕ್ಕೆ ಬಿಗಿಸಿಕೊಂಡಂತೆಯೂ ಆಯಿತು. ಯಾವುದು ಹೆಚ್ಚು ಎಂದು ಚನ್ನಗಿರಿ ಬರುವವರೆಗೂ ಅವನಿಗೆ ಬಗೆಹರಿಯಲಿಲ್ಲ.

ಸುದ್ದಿಗೆ ಕಾಲು ಬೇಕೇ? ಅವನ ಕೇರಿ ಯಾವುದೆಂದು ಪೇಟೆಗೆಲ್ಲ ಗೊತ್ತಾಯಿತು. ಬಾಣಂತಿಯರಿಗೆ ಬೇರೆ ಕಾರು ಸಿಕ್ಕಿತು, ಮದುಮಕ್ಕಳಿಗೂ ಸಿಕ್ಕಿತು. ಮಹೇಶ್ವರಪ್ಪನವರು ಗೊಣಗುತ್ತಲೇ ಇಟ್ಟುಕೊಂಡರು, ಇಷ್ಟು ಕಮ್ಮಿಗೆ ಇನ್ನೊಬ್ಬ ಡ್ರೈವರ್ ಎಲ್ಲಿ ಸಿಗಬೇಕು? ಸರ್ವಮಂಗಳಮ್ಮ ಮಾತ್ರ ಹೊನ್ನಾಳಿಗೆ ಹೋಗಬೇಕಾದಾಗಲೆಲ್ಲ "ಆ ಜಗಳೂರು ಕಡೆಯೋನೇ ಬರ್ಲಿ" ಎಂದು ಹಟ ಹಿಡಿದು ಕರೆಸುತ್ತಿದ್ದರು. ದಾರಿಯಲ್ಲಿ ಭೀಮಕ್ಕನ ಆರೋಗ್ಯ ಕೇಳುತ್ತಿದ್ದರು. ಆ ದಿನದ ಮಾತು ಮಾತ್ರ ಅಪ್ಪಿತಪ್ಪಿಯೂ ಬರುತ್ತಿರಲಿಲ್ಲ. ಒಮ್ಮೆ ತಡೆಯಲಾರದೆ ಅವನೇ "ಅಮ್ಮಾ, ಅವತ್ತು..." ಎಂದು ಬಾಯಿ ತೆಗೆದ. "ದಾರಿ ನೋಡ್ಕಂಡು ಹೊಡಿ ತಮ್ಮಾ" ಎಂದುಬಿಟ್ಟರು.

ಎಂಬತ್ತೆಂಟರಲ್ಲಿ ಅವರು ತೀರಿಕೊಂಡರು. ಹೊನ್ನಾಳಿಯ ನೆಂಟರನ್ನು ತಿಪ್ಪೇಶಪ್ಪನೇ ಕಾರಿನಲ್ಲಿ ತಂದ. ಹೊಲದಲ್ಲಿ ಗುಂಡಿ ಸಿದ್ಧವಾಗಿತ್ತು, ವಿಭೂತಿ ಹಚ್ಚಿ ದೇಹವನ್ನು ಕೂರಿಸಿದ್ದರು. ಅವನು ಬೇಲಿಯಾಚೆ ನಿಂತಿದ್ದಾಗ ಪಂಚಾಕ್ಷರಪ್ಪ ಗುಂಪು ಬಿಟ್ಟು ಅವನ ಹತ್ತಿರ ಬಂದ. ಅತ್ತು ಕಣ್ಣು ಬಾತಿದ್ದವು. ಮುಷ್ಟಿಯಲ್ಲಿ ತಾಯಿಯ ಬೆಳ್ಳಿ ಕರಡಿಗೆ ಇತ್ತು.

"ಅಯ್ಯನೋರು ಕೇಳ್ತಾವ್ರೆ" ಎಂದ ಮೆಲ್ಲಗೆ. "ಬ್ಯಾರೆಯೋರ ಕೈ ಸೋಕಿದ್ರೆ ಇದು ಬರಾಕಿಲ್ಲಂತೆ, ಹೊಸದು ಇಡ್ಬೇಕಂತೆ. ಅವ್ವ ಅವತ್ತು ಹೇಳಿದ್ದು ಹೇಳಿದ್ಲು, ನಂಗೆ ಇಷ್ಟು ವರ್ಷ ನಂಬ್ಕೆ ಬಂದಿಲ್ಲ. ನಿನ್ ಹೆಂಡ್ತಿ ಮಕ್ಳ ಆಣೆ ಮಾಡಿ ಹೇಳು. ಎತ್ತಿದ್ದು ಯಾರು?"

ತಿಪ್ಪೇಶಪ್ಪ ತನ್ನ ಬಲಗೈ ನೋಡಿಕೊಂಡ. ನಾನು, ನಾನು ಎಂದು ಕಿರುಚಬೇಕೆನಿಸಿತು. ನನ್ನ ಮುಷ್ಟಿಯಲ್ಲಿ ಬಂದಿದ್ದು, ನನ್ನ ನೀರಿನಲ್ಲಿ ತೊಳೆದಿದ್ದು, ನಿಮ್ಮವ್ವ ಬೊಗಸೆ ಒಡ್ಡಿ ಕುಡಿದಿದ್ದು. ಐದು ವರ್ಷದಿಂದ ಎದೆಯಲ್ಲಿ ಕುದಿಯುತ್ತಿದ್ದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಗುಂಡಿಯ ಕಡೆ ನೋಡಿದ. ಸರ್ವಮಂಗಳಮ್ಮ ಎಡಗೈ ಬಿಚ್ಚಿಕೊಂಡು ಕೂತಿದ್ದರು. ಕೈ ಖಾಲಿ ಇತ್ತು.

"ಅಮ್ಮಾರೇ ಎತ್ಕಂಡ್ರು, ಸಾವ್ಕಾರ್ರೆ. ಭೀಮಕ್ಕನ ಆಣೆ. ನಾನು ದೂರ ನಿಂತಿದ್ದೆ."

ಪಂಚಾಕ್ಷರಪ್ಪ ದೊಡ್ಡದಾಗಿ ಉಸಿರು ಬಿಟ್ಟು, ಅವನಿಗೆ ಕೈ ಮುಗಿದು, ಅವಸರವಾಗಿ ಹೋದ. ಕರಡಿಗೆ ಬಿಚ್ಚಿದರು. ಕಪ್ಪು ಲಿಂಗವನ್ನು ಮುದುಕಮ್ಮನ ಎಡಗೈಯಲ್ಲಿಟ್ಟು ಬೆರಳು ಮಡಿಸಿದರು. ಸಾಲಾಗಿ ಬಂದು ಒಬ್ಬೊಬ್ಬರೇ ಹಿಡಿಹಿಡಿ ಮಣ್ಣು ಹಾಕಿದರು, ನೆಂಟರು, ನೆರೆಯವರು, ಅಂಗಡಿಯ ಆಳುಗಳು. ತಿಪ್ಪೇಶಪ್ಪನನ್ನು ಯಾರೂ ಕರೆಯಲಿಲ್ಲ. ಹೊನ್ನಾಳಿಯವರನ್ನು ವಾಪಸು ಬಿಡಬೇಕಾಗಿದ್ದರಿಂದ ಅವನು ಎಲ್ಲ ಮುಗಿಯುವವರೆಗೂ ಬೇಲಿಯ ಹತ್ತಿರವೇ ನಿಂತಿದ್ದ.